ಕಳಸಾದ ಗೋಪುರ

ಜರ್ಮನಿ
20 ಅಕ್ಟೋಬರ್ 2024, ರವಿವಾರ

ಅವ್ವಾ,

ಫೋನಿನಲ್ಲಿ ಎಷ್ಟು ಮಾತಾಡಿದರೂ ಕಾಗದ ಬರಲೇಬೇಕು, ಅದೂ ಕನ್ನಡದಲ್ಲೇ ಬರಬೇಕು ಅಂತ ನೀನು ಅಂದಿದ್ದೆ. ಇಗೋ, ಬರೆದಿದ್ದೇನೆ. ನೀನು ಚಿಕ್ಕೋಡಿ ಕಡೆಯ ಕನ್ನಡ ಸಾಲಿಯವಳು, ನಾನು ಇಚಲಕರಂಜಿಯ ಮರಾಠಿ ಸಾಲಿಯವಳು. ತಪ್ಪು ಸಿಕ್ಕರೆ ನಗು. ಆದರೆ ನಮ್ಮ ಓಣಿಯ ಮುದಕವ್ವ ಆಯಿಗೆ ಮಾತ್ರ ಓದಿ ಹೇಳಬೇಡ.

ನರ್ಸಿಂಗ್ ಕಲಿಕೆ ಸುರುವಾಗಿದೆ. ಮೊದಲ ಆರು ತಿಂಗಳು ಇವರು ನನ್ನನ್ನು ನೋಡುತ್ತಾರೆ, ನಾನು ಇವರನ್ನು ನೋಡುತ್ತೇನೆ. ಮಾರ್ಚ್ ಕೊನೆಗೆ ಮುಂದಕ್ಕೂ ಇರುತ್ತೀಯಾ ಅಂತ ಕೇಳಿ ಸಹಿ ಮಾಡಿಸಿಕೊಳ್ಳುತ್ತಾರೆ. ನೀನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದ ಮಾತು ಮರೆತಿಲ್ಲ. "ದೇವರ ನೆರಳಿಲ್ಲದ ಊರಾದ್ರ ಮಾರ್ಚಿಗೆ ತಿರುಗಿ ಬಾ. ನಾ ಕೊಲ್ಲಾಪುರದ ಅಂಬಾಬಾಯಿಗೆ ಮಾತು ಕೊಟ್ಟೇನಿ" ಅಂದಿದ್ದೆ. ನನಗಂತೂ ಇಲ್ಲೇ ಇರುವ ಮನಸ್ಸಿದೆ ಅವ್ವಾ. ಮುದುಕರ ಕೈ ಹಿಡಿದು ನಡೆಸುವ ಕೆಲಸ ನನಗೆ ಒಗ್ಗಿದೆ. ಆದರೂ ಕೊನೆಯ ಮಾತು ನಿನ್ನದು.

ಹೆಲ್ಗಾ ಎಂಬ ಅಜ್ಜಿಯ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಕಿಟಕಿ ತೆಗೆದರೆ ಎದುರಿಗೇ ಕಳಸಾದ ಗೋಪುರ. ಭಾಳ ಎತ್ತರ. ತುದಿಗೆ ದೊಡ್ಡ ಚಕ್ರ. ಬಹಳ ವರ್ಷ ಮುಚ್ಚಿತ್ತಂತೆ, ಆದರೆ ಊರಿನವರು ಕೆಡವಲು ಬಿಡದೆ ಬಣ್ಣ ಹಚ್ಚಿ ಕಾಪಾಡಿದ್ದಾರೆ. ಕೆಳಗೆ ದೀಪದ ಕೋಣೆ ಇದೆ. ಹಿಂದೆ ಒಳಗೆ ಹೋಗುವವರೆಲ್ಲ ಅಲ್ಲಿ ದೀಪ ತಗೊಂಡೇ ಹೋಗುತ್ತಿದ್ದರಂತೆ. ಆ ಕೋಣೆಯಲ್ಲಿ ಬಾರ್ಬರಾ ಅಂತ ಒಬ್ಬ ದೇವಿ ಇದ್ದಾಳೆ, ಕಟ್ಟಿಗೆಯ ಮೂರ್ತಿ. ರವಿವಾರ ಜನ ಬರುತ್ತಾರೆ. ತಮ್ಮ ಅಮರನ ಫೋನಿಗೆ ಫೋಟೋ ಹಾಕಿದ್ದೇನೆ. ಮಂಜು ಬಿದ್ದದ್ದರಿಂದ ಚಕ್ರ ಒಂದೇ ಕಾಣುತ್ತದೆ.

ಡ್ಯೂಟಿಗೆ ಹೊತ್ತಾಯಿತು. ಮಗ್ಗದ ಸಪ್ಪಳ ಇಲ್ಲದೆ ನನಗೆ ನಿದ್ದೆ ಹತ್ತುವುದಿಲ್ಲ ಅಂತ ಅಪ್ಪನಿಗೆ ಹೇಳು.

ನಿನ್ನ
ಸಾಕ್ಷಿ


ಶಹಾಪುರ, ಇಚಲಕರಂಜಿ
9 ನವೆಂಬರ್ 2024

ಮಗಳೇ ಸಾಕ್ಷಿ,

ತಾಯಿ ಅಂಬಾಬಾಯಿ ನಿನ್ನನ್ನು ಚೆನ್ನಾಗಿಟ್ಟಿರಲಿ. ನಾವೂ ಉಂಡುಟ್ಟು ಸುಖವಾಗಿದ್ದೇವೆ.

ನಿನ್ನ ಕಾಗದ ಅಮರ ಶೆಡ್ಡಿಗೇ ತಂದುಕೊಟ್ಟ. ನಾನು ಕಾಂಡಿಗೆ ನೂಲು ಸುತ್ತುತ್ತಾ ಕುಳಿತಿದ್ದೆ. ಮಗ್ಗಗಳ ಗದ್ದಲದಲ್ಲಿ ಹೇಗೆ ಓದಲಿ ಅನ್ನುವಷ್ಟರಲ್ಲಿ ಲೈಟ್ ಹೋಗಿ ಶೆಡ್ಡೆಲ್ಲ ಗಪ್ಪಾಯಿತು. ದೇವರೇ ಅನುವು ಮಾಡಿಕೊಟ್ಟ. ಹೆಂಗಸರೆಲ್ಲ ಸುತ್ತ ಕುಳಿತರು. ಮುದಕವ್ವ ಆಯಿಯೂ ಇದ್ದಳು. ಓದಬೇಡ ಎಂದು ನೀನು ಬರೆದದ್ದನ್ನೂ ಸೇರಿಸಿ ಓದಿದೆ. ಸಿಟ್ಟಾಗಬೇಡ.

ನೀನು ಹೋದಾಗಿನಿಂದ ಆಯಿ ನನ್ನನ್ನು ಎಷ್ಟು ಚುಚ್ಚಿದ್ದಾಳೆ ಗೊತ್ತೇನು? "ಗುಡಿ ಇಲ್ಲದ ದೇಶಕ್ಕ ಹೆಣ್ಣಹುಡುಗೀನ ಕಳಿಸಿದಿ" ಅಂತ ಹೋಗುತ್ತಾ ಬರುತ್ತಾ ಅನ್ನುತ್ತಿದ್ದಳು. ಅವತ್ತು ನನ್ನ ಸರದಿ ಬಂತು.

"ಆಯಿ, ಕಿವಿ ಕೊಟ್ಟು ಕೇಳು. ಕಳಸದ ಗೋಪುರ ಐತಂತ. ಕಿಟಕಿ ತಗದ್ರ ಎದುರಿಗೇ."

"ಕಳಸ? ಅಲ್ಲಿ ಕಳಸ ಎಲ್ಲಿಂದ ಬರಬೇಕವಾ?"

"ದೀಪದ ಕೋಣಿನೂ ಐತಿ. ದೀಪ ಹಿಡಿದs ಒಳಗ ಹೋಗಬೇಕಂತ. ದೇವಿ ಹೆಸರು ಬಾರ್ಬರಾ."

ಆಯಿ ಹೆಸರನ್ನು ಬಾಯಲ್ಲಿ ಹೊರಳಿಸಿ ನೋಡಿದಳು. "ಹೆಸರ ಚೊಲೋ ಐತಿ. ಬಾರs ಬಾರs ಅಂತ ಕರದಂಗ ಕೇಳತೈತಿ," ಅಂದು ಕುಳಿತಲ್ಲಿಂದಲೇ ಕೈ ಮುಗಿದಳು.

ಫೋಟೋ ನೋಡಿದೆ. ಮಂಜಿನೊಳಗಿಂದ ಚಕ್ರ ಕಂಡಿತು. ಅಷ್ಟು ಸಾಕಾಯಿತು. ಕುಂಕುಮ ಹಚ್ಚಲು ಹೋದರೆ ಅಮರ ಫೋನನ್ನೇ ಕಸಿದುಕೊಂಡ. "ಅವ್ವಾ, ಟಚ್ ಹೊಕ್ಕೈತಿ!" ಅಂತ ಒದರಿದ.

ನಿನ್ನೆ ಶುಕ್ರವಾರ ಕೊಲ್ಲಾಪುರಕ್ಕೆ ಹೋಗಿ ಅಂಬಾಬಾಯಿಗೆ ಹೇಳಿಬಂದೆ, ತಾಯಿ, ನೀನು ನನಗಿಂತ ಮೊದಲೇ ಅಲ್ಲಿ ಹೋಗಿ ಕುಳಿತಿದ್ದಿ ಅಂತ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಮಾರ್ಚಿನಲ್ಲಿ ಧಾರಾಳವಾಗಿ ಸಹಿ ಹಾಕು.

ಒಂದೇ ತಪ್ಪು ಮಾಡಿದ್ದಿ. "ಕಳಸಾದ" ಅಲ್ಲ, "ಕಳಸದ" ಅಂತ ಬರೆಯಬೇಕು. ದೀರ್ಘ ಹೆಚ್ಚಾಗಿದೆ. ಉಳಿದದ್ದು ಚೊಲೋ ಇದೆ.

ನಿನ್ನ ಅವ್ವ
ಚೆನ್ನವ್ವ


ಶಹಾಪುರ
28 ನವೆಂಬರ್ 2024

ಮಗಳೇ,

ಈ ಕಾಗದ ಅಂಚೆಯಲ್ಲಿ ಅಲ್ಲ, ರುಪಾಲಿಯ ಕೈಯಲ್ಲಿ ಬರುತ್ತಿದೆ. ಕುರುಂದವಾಡದ ಜೈನರ ಮನೆಯ ಹುಡುಗಿ, ನಿಮ್ಮ ಊರಿಗೇ ನರ್ಸಿಂಗ್ ಕಲಿಯಲು ಬರುತ್ತಿದ್ದಾಳೆ. ಅವಳು ಕಂದಮೂಲ ತಿನ್ನುವುದಿಲ್ಲ. ನಿನ್ನ ಉಳ್ಳಾಗಡ್ಡಿಯ ಪಾತ್ರೆ ಬೇರೆ ಇಡು.

ಅವಳ ಕೈಯಲ್ಲಿ ಬಾರ್ಬರಾದೇವಿಗೆ ಉಡಿ ತುಂಬುವ ಸಾಮಾನು ಕಳಿಸಿದ್ದೇನೆ. ಖಣ, ಒಣ ಕೊಬ್ಬರಿ, ಅರಿಷಿಣ ಬೇರು, ಹಸಿರು ಬಳೆ. ನಿನ್ನ ಅಪ್ಪ ತನ್ನ ಮಗ್ಗದ ಬಿಳಿ ಬಟ್ಟೆ ಕೊಟ್ಟಿದ್ದಾನೆ, ನಾನು ಅದನ್ನು ಅರಿಷಿಣದಲ್ಲಿ ಅದ್ದಿ ಒಣಗಿಸಿದ್ದೇನೆ. ಎಲ್ಲದರ ಒಳಗೆ, ಬಟ್ಟೆ ಸುತ್ತಿ, ನಮ್ಮ ದೇವರ ಜಗಲಿಯ ಕಳಸ ಇದೆ. ನಿನ್ನ ಅಜ್ಜಿ ನನ್ನ ಮದುವೆಯಲ್ಲಿ ಕೊಟ್ಟದ್ದು.

ನಿನ್ನ ಅಪ್ಪ ಕೇಳಿದ, "ಜಗಲಿ ಬರಿದಾತಲ್ಲs?" ಅಂತ. "ಮಗಳು ಇದ್ದಲ್ಲಿ ಇರಲಿ ಬಿಡ್ರಿ," ಅಂದೆ.

ದೇವಿಯ ಮುಂದೆ ಇಡು. ಆಯಿಯ ಹೆಸರಿನಲ್ಲೂ ಒಂದು ನಮಸ್ಕಾರ ಹಾಕು. ಈಗ ಅವಳು ಓಣಿಗೆಲ್ಲ ನಿನ್ನ ಗೋಪುರದ ಸುದ್ದಿ ಹೇಳಿಕೊಂಡು ತಿರುಗುತ್ತಿದ್ದಾಳೆ.

ಅವ್ವ


ಜರ್ಮನಿ
22 ಡಿಸೆಂಬರ್ 2024

ಅವ್ವಾ,

ರುಪಾಲಿ ಗಂಟನ್ನು ವಿಮಾನದಲ್ಲಿ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದಾಳೆ. ಬಿಚ್ಚಿದೆ. ಅಪ್ಪನ ಬಟ್ಟೆಯನ್ನು ಮೂಸಿ ನೋಡಿದೆ, ಅರಿಷಿಣದ ಕೆಳಗೆ ಇನ್ನೂ ಶೆಡ್ಡಿನ ಎಣ್ಣೆಯ ವಾಸನೆ ಇತ್ತು. ಆಮೇಲೆ ಅಜ್ಜಿಯ ಕಳಸ ಕೈಗೆ ಬಂತು.

ನಿನಗೆ ಒಂದು ಮಾತು ಹೇಳಬೇಕು. ಸಿಟ್ಟಾದರೂ ಪೂರ್ತಿ ಓದು.

ಅದು ಗುಡಿಯಲ್ಲ ಅವ್ವಾ. ನಾನು ಬರೆಯಹೊರಟದ್ದು ಕೋಳಸಾ. ಮರಾಠಿಯ ಕೋಳಸಾ, ನೀನು ಇದ್ದಲಿ ಅನ್ನುತ್ತೀಯಲ್ಲ, ಅದು. ಅವಸರದಲ್ಲಿ ಕನ್ನಡದ ಮಾತು ನೆನಪಾಗಲಿಲ್ಲ. ಮರಾಠಿಯದನ್ನೇ ಬರೆದೆ, ಅದರಲ್ಲೂ 'ಕ'ಕ್ಕೆ ಓತ್ವ ಹಾಕುವುದನ್ನು ಬಿಟ್ಟೆ. ಕೋಳಸಾ ಹೋಗಿ ಕಳಸಾ ಆಯಿತು. ದೀರ್ಘ ಹೆಚ್ಚಾಗಿರಲಿಲ್ಲ ಅವ್ವಾ, ಓತ್ವ ಕಮ್ಮಿಯಾಗಿತ್ತು.

ಅದು ನೆಲದ ಕೆಳಗಿನಿಂದ ಇದ್ದಲಿ ತೆಗೆಯುತ್ತಿದ್ದ ಗಣಿಯ ಗೋಪುರ. ಆ ಚಕ್ರದ ಮೇಲೆ ಹಗ್ಗ ಓಡುತ್ತಿತ್ತು. ಹಗ್ಗಕ್ಕೆ ಕಟ್ಟಿದ ಪಂಜರದಲ್ಲಿ ನಿಂತು ಗಂಡಸರು ಪಾತಾಳಕ್ಕೆ ಇಳಿಯುತ್ತಿದ್ದರು, ಪಾಳಿ ಮುಗಿದ ಮೇಲೆ ಹತ್ತಿ ಬರುತ್ತಿದ್ದರು. ದೀಪದ ಕೋಣೆ ಅಂದರೆ ಅವರಿಗೆ ಕೈದೀಪ ಹಂಚುವ ಕೋಣೆ. ಬಾರ್ಬರಾ ಇವರ ಧರ್ಮದ ಸಂತಳು, ಗಣಿಯವರನ್ನು ಕಾಯುತ್ತಾಳೆ ಅಂತ ನಂಬುತ್ತಾರೆ. ಅದೊಂದೇ ನಿಜ.

ನಿನ್ನ ನವೆಂಬರಿನ ಕಾಗದ ಓದಿದಾಗಲೇ ನನಗೆ ತಿಳಿಯಿತು. ಫೋನಿನಲ್ಲಿ ಹೇಳೋಣ ಅಂದರೆ ನಿನ್ನ ದನಿ ಅಷ್ಟು ಖುಷಿಯಾಗಿತ್ತು. ಸಹಿ ಹಾಕು ಅಂದದ್ದು ನನಗೂ ಬೇಕಾಗಿತ್ತು. ಸುಮ್ಮನಿದ್ದರೆ ಶಹಾಪುರದಲ್ಲಿ ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಕಳಸ ಬಂತು. ಅದನ್ನು ಎದುರಿಗಿಟ್ಟುಕೊಂಡು ಸುಳ್ಳು ಬರೆಯಲು ಆಗಲಿಲ್ಲ.

ಹೆಲ್ಗಾ ಅಜ್ಜಿಗೆ ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಆಮೇಲೆ ಕಳಸವನ್ನು ಎರಡೂ ಕೈಯಲ್ಲಿ ಹಿಡಿದು, ಹತ್ತಿರದಿಂದ ನೋಡಿ, ತನ್ನ ಗಂಡನ ಮಾತು ತೆಗೆದಳು. ಅವನೂ ಆ ಗಣಿಗೆ ಇಳಿಯುತ್ತಿದ್ದನಂತೆ. ಇಲ್ಲಿ ಗಣಿಗೆ ಹೊರಡುವವರಿಗೆ "ಗ್ಲುಕ್ ಆಫ್" ಅನ್ನುತ್ತಾರೆ. ಸುಖವಾಗಿ ಮೇಲೆ ಬಾ ಅಂದಂತೆ. ಅಜ್ಜಿ ಅಡಿಗೆಮನೆಯ ಕಿಟಕಿಯಿಂದ ಚಕ್ರ ನೋಡುತ್ತಾ ನಿಲ್ಲುತ್ತಿದ್ದಳಂತೆ. ಪಾಳಿ ಬಿಡುವ ಹೊತ್ತಿಗೆ ಚಕ್ರ ತಿರುಗಿದರೆ ಒಲೆಯ ಮೇಲೆ ಪಾತ್ರೆ ಇಡುವುದು. ಗಣಿ ಮುಚ್ಚಿ ಗೋಪುರ ಕೆಡವಲು ಬಂದಾಗ ಈ ಓಣಿಯ ಹೆಂಗಸರು ಊಟದ ಡಬ್ಬಿ ತಗೊಂಡು ಹೋಗಿ ಅದರ ಬುಡದಲ್ಲೇ ಕುಳಿತರಂತೆ. ಕೆಡವುವವರು ಯಂತ್ರ ತಿರುಗಿಸಿಕೊಂಡು ಹೋದರು.

ಕಳಸ ಮತ್ತು ಖಣ ನನ್ನ ಪೆಟ್ಟಿಗೆಯಲ್ಲಿವೆ. ನೀನು ಹೇಳಿದರೆ ಬಾರ್ಬರಾ ಮುಂದೆ ಇಡುತ್ತೇನೆ, ಬಾ ಅಂದರೆ ಅವುಗಳ ಜೊತೆಗೇ ಬರುತ್ತೇನೆ. ಫೋನಿನಲ್ಲಿ ಈ ಮಾತು ಬೇಡ ಅವ್ವಾ. ನಿನ್ನ ಕಾಗದಕ್ಕೆ ಕಾಯುತ್ತೇನೆ.

ಸಾಕ್ಷಿ


ಶಹಾಪುರ
14 ಜನವರಿ 2025, ಸಂಕ್ರಾಂತಿ

ಸಾಕ್ಷಿ,

ಕಾಗದ ಮುಟ್ಟಿತು. ಓದಿದೆ.

ಮಾತು ಕೊಟ್ಟದ್ದು ದೇವಿಗೆ. ನನ್ನಷ್ಟಕ್ಕೆ ನಾನೇ ಮುರಿಯಲು ಬರುವುದಿಲ್ಲ. ನನ್ನ ಇನ್ನೊಂದು ಕಾಗದ ಬರುವವರೆಗೆ ಯಾವುದಕ್ಕೂ ಸಹಿ ಹಾಕಬೇಡ.

ಎಳ್ಳುಬೆಲ್ಲ ಇದರಲ್ಲಿ ಇಟ್ಟಿದ್ದೇನೆ. ಪುಡಿಯಾಗಿದ್ದರೆ ಬೆರಳಿಂದ ತಿನ್ನು.

ಅವ್ವ


ಶಹಾಪುರ
5 ಫೆಬ್ರವರಿ 2025

ಮಗಳೇ ಸಾಕ್ಷಿ,

ನಿನ್ನೆ ರಥಸಪ್ತಮಿ. ಅರಿಷಿಣ ಕುಂಕುಮಕ್ಕೆ ಓಣಿಯ ಹೆಂಗಸರನ್ನೆಲ್ಲ ಕರೆದಿದ್ದೆ. ಇಷ್ಟು ದಿನ ನಾನು ಶೆಡ್ಡಿನಲ್ಲಿ ಯಾರ ಮುಖವನ್ನೂ ನೋಡದೆ ಕಾಂಡಿ ಸುತ್ತಿದೆ. ಬಾರ್ಬರಾದೇವಿಯ ಹಬ್ಬ ಯಾವಾಗ, ಅಲ್ಲಿಯ ಪ್ರಸಾದ ಏನು ಅಂತ ಒಬ್ಬೊಬ್ಬರೂ ಕೇಳುವವರೇ. ನಾನು ಹೂಂ ಹೂಂ ಅನ್ನುತ್ತಿದ್ದೆ. ನೀನು ಅಷ್ಟು ದೂರದಿಂದ ನಿಜ ಬರೆದೆ, ನಾನು ಎದುರಿಗೆ ಕುಳಿತು ಹೂಂ ಅನ್ನುತ್ತಿದ್ದೇನಲ್ಲ ಅಂತ ನಾಚಿಕೆಯಾಯಿತು. ಕುಂಕುಮ ಹಚ್ಚಿ ಮುಗಿದ ಮೇಲೆ ನಿನ್ನ ಕಾಗದ ತೆಗೆದು ಪೂರ್ತಿ ಓದಿದೆ.

ಮೊದಲು ನಕ್ಕವಳು ಮುದಕವ್ವ ಆಯಿ. ಎಂಥಾ ನಗು ಅಂತೀ! ಬಾಯಿಯ ಎಲೆಅಡಿಕೆ ನನ್ನ ಹೊಸ ಚಾಪೆಯ ಮೇಲೆ.

"ಇದ್ದಲಿಗೆ ಕೈ ಮುಗದ್ನೆಲ್ಲs ಚೆನ್ನೀ! ಅದೂ ಶೆಡ್ಡಿನಾಗ, ಮಂದಿ ಮುಂದ!"

"ನಾನೂ ಮುಗದೇನಿ ಆಯಿ. ಮತ್ತ ಕೊಲ್ಲಾಪುರಕ್ಕ ಹೋಗಿ ಹೇಳಿ ಬಂದೇನಿ. ಈಗ ದೇವಿಗೆ ಏನಂತ ಹೇಳಲಿ? ಹುಡುಗೀನ ಕರಸಬೇಕೋ ಏನೋ ತಿಳಿವಲ್ದು."

ಆಯಿ ನಗು ನಿಲ್ಲಿಸಿದಳು. "ಕಳಸ ಎಲ್ಲೈತೀಗ?"

"ಅಲ್ಲೇ. ಅಕಿ ಪೆಟಗ್ಯಾಗ."

"ಉಗಾದಿ ಪಾಡವಾಕ್ಕ ಬಾಗಲದಾಗ ಬಿದಿರ ನಿಂದರಸ್ತೀರಿ. ಬಟ್ಟಿ ಕಟ್ಟಿ ಮ್ಯಾಲ ಕಳಸಾ ಬೋರಲ ಹಾಕ್ತೀರಿ. ಅದಕ್ಕ ಏನಂತೀರಿ?"

"ಗುಡಿ," ಅಂದರು ಎಲ್ಲರೂ.

"ಬಿದಿರಿಗಿ ಹಾಕಿದ್ರ ಗುಡಿ. ಕಬ್ಬಿಣದ್ದಕ್ಕ ಹಾಕಿದ್ರ?"

ಮನೆತುಂಬ "ಗುಡಿ! ಗುಡಿ!" ಅಂತ ಒಂದೇ ಗದ್ದಲ. ನಿನ್ನ ಅಪ್ಪ ಪಾಳಿಗೆ ಹೊರಟವನು ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ.

"ಕನ್ನಡದ ಗುಡಿ ಆಗಲಿಲ್ಲ ಅಂದ್ರ ಮರಾಠಿ ಗುಡಿ ಮಾಡ್ರಿ," ಅಂದಳು ಆಯಿ. "ನಾವು ಎರಡೂ ಮಾತಿನಾಗ ಬಾಳೇ ಮಾಡಾವ್ರು. ದೇವರಿಗೆ ಒಂದs ಬರತೈತೇನ?"

ನಗುವ ಮಾತು ಅದು. ನಾನೂ ನಕ್ಕೆ. ಆದರೆ ನಗುವಿನ ಮಾತಿನ ಮೇಲೆ ಹರಕೆ ಬಿಡಿಸಿಕೊಳ್ಳುವವಳಲ್ಲ ನಾನು. ಇವತ್ತು ಬೆಳಿಗ್ಗೆ ಎದ್ದು ಕೊಲ್ಲಾಪುರಕ್ಕೆ ಹೋದೆ. ಸಾಲಿನಲ್ಲಿ ನಿಂತಾಗಲೂ ನನ್ನ ತಲೆಯಲ್ಲಿ ನಿನ್ನ ಹೆಲ್ಗಾ ಅಜ್ಜಿಯೇ. ಅವಳು ಚಕ್ರ ನೋಡಿ ಪಾತ್ರೆ ಇಡುತ್ತಿದ್ದಳು. ನಾನು ನಿನ್ನ ಅಪ್ಪನ ಸೈಕಲ್ಲಿನ ಗಂಟೆ ಕೇಳಿ ರೊಟ್ಟಿಗೆ ಹಂಚು ಇಡುತ್ತೇನೆ. ಅವನು ಬರುವುದು ತಡವಾದ ದಿನ ನಾನು ಯಾರನ್ನು ನೆನೆಯುತ್ತೇನೋ, ಅವಳೂ ಅವರನ್ನೇ ನೆನೆದಿರಬೇಕು. ಹೆಸರು ಬೇರೆ ಇದ್ದೀತು.

ದೇವಿಯ ಎದುರು ನಿಂತು ಹೇಳಿದೆ: "ತಾಯಿ, ಹುಡುಗಿ ಒಂದು ಓತ್ವ ಬಿಟ್ಟಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿನಗೆ ಅಂಜಿ ನಿಜ ಹೇಳಿದಳು. ನಾನು ನಿನ್ನ ನೆರಳು ಕೇಳಿದ್ದೆ. ಅಷ್ಟು ದೂರ ಹೋಗಿಯೂ ನಿನಗೆ ಅಂಜುತ್ತಾಳೆ ಅಂದಮೇಲೆ ನೆರಳು ಅಲ್ಲಿ ಮುಟ್ಟಿದೆ ಅಂತಲೇ ನಾನು ತಿಳಿಯುತ್ತೇನೆ. ತಪ್ಪಾದರೆ ನನಗೆ ತಿಳಿಸು." ಪೂಜಾರಿ ಮುಂದೆ ನಡೆಯಿರಿ ಅಂತ ಅವಸರ ಮಾಡಿದ. ಅಷ್ಟರಲ್ಲಿ ನನ್ನ ಮನಸ್ಸು ತಿಳಿಯಾಗಿತ್ತು.

ಸಹಿ ಹಾಕು ಮಗಳೇ. ಖುಷಿಯಿಂದ ಹಾಕು. ಖಣ, ಬಳೆ ಬಾರ್ಬರಾಗೆ ಉಡಿ ತುಂಬು. ಕಳಸವನ್ನು ಮಾತ್ರ ಪಾಡವಾದವರೆಗೆ ಇಟ್ಟುಕೋ. ಅವತ್ತು ಆ ಗೋಪುರಕ್ಕೆ ಗುಡಿ ಏರಿಸಲು ಬಿಡುತ್ತಾರೇನು ಅಂತ ಕೇಳು. ಬಿಡದಿದ್ದರೆ ಕಿಟಕಿಯಲ್ಲೇ ಏರಿಸು.

ನಿನಗೆ ಶಿಕ್ಷೆ ಇಲ್ಲ ಅಂತ ತಿಳಿಯಬೇಡ. ಕ ಇಂದ ಕಃ ವರೆಗೆ ಕಾಗುಣಿತ ಒಂದು ಪುಟ ಬರೆದು ಕಳಿಸು.

ಅವ್ವ


ಜರ್ಮನಿ
30 ಮಾರ್ಚ್ 2025, ಪಾಡವಾ

ಅವ್ವಾ,

ಮೊದಲು ಸುದ್ದಿ: ಶುಕ್ರವಾರ ಸಹಿ ಹಾಕಿದೆ. ಎರಡನೆಯ ಸುದ್ದಿ: ಏರಿಸಿದೆವು!

ಗೋಪುರ ನೋಡಿಕೊಳ್ಳುವ ಸಂಘದ ಮುದುಕರಿಗೆ ಹೆಲ್ಗಾ ಅಜ್ಜಿಯೇ ಹೋಗಿ ಹೇಳಿದಳು. ಅವರು ಮೊದಲು ಕೇಳಿದ್ದು, ಗಾಳಿಗೆ ಬಿದ್ದರೆ ಏನು ಗತಿ ಅಂತ. ಅಜ್ಜಿ ಅಂದಳಂತೆ, ನೀವು ಮನುಷ್ಯರನ್ನು ಹಗ್ಗದಿಂದ ಇಳಿಸಿದವರು, ಒಂದು ತಂಬಿಗೆ ಕಟ್ಟಲು ಬರುವುದಿಲ್ಲವೇ ಅಂತ. ಹೂವಿನ ಗಿಡದ ಅಂಗಡಿಯಿಂದ ಬಿದಿರು ತಂದರು. ಅಪ್ಪನ ಬಟ್ಟೆಯನ್ನು ನಿರಿಗೆ ಮಾಡಿ ಕಟ್ಟಿದೆ. ಬೇವು ಇಲ್ಲಿ ಎಲ್ಲಿಯದು? ಅಜ್ಜಿ ತನ್ನ ಹಿತ್ತಲಿನ ಹಳದಿ ಹೂವಿನ ಟೊಂಗೆ ಮುರಿದುಕೊಟ್ಟಳು. ಬೇವಿನ ಕಹಿಗೆ ಅಜ್ಜಿಯ ಕಾಫಿ ಆಯಿತು. ಅದನ್ನು ಕುಡಿದರೆ ವರ್ಷದ ಕಷ್ಟವೆಲ್ಲ ಒಂದೇ ಗುಟುಕಿಗೆ ಮುಗಿಯುತ್ತದೆ.

ಮೇಲೆ, ಚಕ್ರದ ಕೆಳಗೆ, ಜನ ನಿಂತು ನೋಡುವ ಕಟ್ಟೆ ಇದೆ. ಅಲ್ಲಿ ಹೋಗಬೇಕಾದರೆ ಎಲ್ಲರಿಗೂ ಹೆಲ್ಮೆಟ್. ಸೀರೆ ಉಟ್ಟು, ಹೆಲ್ಮೆಟ್ ಹಾಕಿ ಗುಡಿ ಏರಿಸಿದವಳು ನಾನೊಬ್ಬಳೇ ಇರಬೇಕು, ಆಯಿಗೆ ಹೇಳು. ರುಪಾಲಿ ಮೇಲೆ ಬಂದು ಸುತ್ತ ನೋಡಿ, "ನಮ್ಮ ಬಸದಿ ಮುಂದಿನ ಮಾನಸ್ತಂಭದ ಮ್ಯಾಲ ಹತ್ತಿದಂಗಾತು ನೋಡ," ಅಂದಳು.

ಕಳಸ ಬೋರಲು ಹಾಕಿದಾಗ ಬಿಸಿಲು ಬಿತ್ತು. ಕೆಳಗೆ ನಿಂತ ಮುದುಕರೆಲ್ಲ ಟೊಪ್ಪಿಗೆ ತೆಗೆದು "ಗ್ಲುಕ್ ಆಫ್!" ಅಂದರು. ಅಜ್ಜಿ ಮೇಲೆ ಹತ್ತಲಾರಳು. ತನ್ನ ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ನಾನು ಕೈ ಬೀಸಿದೆ. ಅವಳು ನನಗೆ ಕಾಣುವಂತೆ ಪಾತ್ರೆ ಎತ್ತಿ ಒಲೆಯ ಮೇಲೆ ಇಟ್ಟಳು.

ಸಂಜೆ ಗುಡಿ ಇಳಿಸಿ ಕಳಸವನ್ನು ದೀಪದ ಕೋಣೆಯಲ್ಲಿ ಬಾರ್ಬರಾ ಪಕ್ಕ ಇಟ್ಟೆವು. ಅಲ್ಲೇ ಇರಲಿ ಅಂತ ಸಂಘದವರ ಆಸೆ. ಬಿಡಲಾ?

ಕಾಗುಣಿತದ ಪುಟ ಇದರಲ್ಲಿದೆ. ಕೊನೆಯಲ್ಲಿ ಸೊಟ್ಟಗಿರುವ "ಕೋ" ನನ್ನದಲ್ಲ, ಹೆಲ್ಗಾ ಅಜ್ಜಿಯದು. ಅವಳು ಒಂದು ಪೊಟ್ಟಣ ಬೇರೆ ಕಳಿಸಿದ್ದಾಳೆ. ಏನು ಅಂತ ನಾನು ಹೇಳುವುದಿಲ್ಲ.

ನಿನ್ನ
ಸಾಕ್ಷಿ


ಶಹಾಪುರ
20 ಏಪ್ರಿಲ್ 2025

ಮಗಳೇ ಸಾಕ್ಷಿ,

ಅಮರ ತೋರಿಸಿದ ಫೋಟೋದಲ್ಲಿ ಈ ಸಲ ಮಂಜಿರಲಿಲ್ಲ. ಎಲ್ಲ ಕಂಡಿತು. ಶೆಡ್ಡಿನಲ್ಲಿ ಕೈಯಿಂದ ಕೈಗೆ ಹೋಗಿ ಫೋನು ಅರಿಷಿಣವಾಗಿ ತಿರುಗಿ ಬಂತು. ಅಮರ ಈ ಸಲ ಒದರದೆ ಒರೆಸಿಕೊಂಡ. ಆಯಿ ಹೆಲ್ಮೆಟ್ ನೋಡಿ, "ದೇವಿಗೆ ಕಿರೀಟ ಇರತೈತಿ, ಪೂಜಾರಿಗೆ ಯಾಕ ಇರಬಾರದು?" ಅಂದಳು. ಈ ವರ್ಷ ನಮ್ಮ ಗುಡಿಗೆ ಆಯಿಯ ಮನೆಯ ತಂಬಿಗೆಯನ್ನೇ ಹಾಕಿದ್ದೆವು. ತಿರುಗಿ ಕೊಡಲು ಹೋದರೆ, ಮುಂದಿನ ವರ್ಷವೂ ಬೇಕಾದೀತು ಇಟ್ಟುಕೋ ಅಂದಳು. ಹಾಗಾದರೆ ನಮ್ಮ ಕಳಸ ಅಲ್ಲೇ ಇರಲಿ. ತಿಂಗಳಿಗೊಮ್ಮೆ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವುದನ್ನು ಆ ಮುದುಕರಿಗೆ ಕಲಿಸು.

ನಿನ್ನ ಅಪ್ಪನಿಗೆ ಹೊಸ ಹುಚ್ಚು. ಪಾಳಿಗೆ ಹೊರಡುವಾಗ ಬಾಗಿಲಲ್ಲಿ ನಿಂತು "ಗ್ಲುಕಾಪ್!" ಅನ್ನುತ್ತಾನೆ. "ಹೋಗೋರು ಅನ್ನೋದಲ್ರಿ, ಮನ್ಯಾಗ ಇರೋರು ಅನ್ನೋದು," ಅಂದರೆ, "ಮತ್ತ ನೀನs ಅನ್ನು," ಅಂತ ಸೈಕಲ್ ಹಿಡಿದು ನಿಂತೇ ಇರುತ್ತಾನೆ. ಓಣಿಯವರೆಲ್ಲ ನೋಡುತ್ತಾರೆ. ಅಂದು ಕಳಿಸುತ್ತೇನೆ.

ಅಜ್ಜಿಯ ಪೊಟ್ಟಣ ಬಿಚ್ಚಿದೆ. ಗಣಿಯ ಕೊನೆಯ ದಿನ ಅವಳ ಗಂಡ ಕಿಸೆಯಲ್ಲಿ ಇಟ್ಟುಕೊಂಡು ಮೇಲೆ ತಂದದ್ದು ಅಂತ ಒಳಗಿನ ಚೀಟಿಯಲ್ಲಿ ನೀನು ಬರೆದಿದ್ದಿ. ಮುಷ್ಟಿಯಷ್ಟಿದೆ. ಕಪ್ಪಗೆ, ಬಿಸಿಲಿಗೆ ಹಿಡಿದರೆ ಮಿಂಚುತ್ತದೆ. ಎಲ್ಲಿ ಇಡಬೇಕು ತಿಳಿಯದೆ ಮನೆಯೆಲ್ಲ ತಿರುಗಿದೆ. ಒಲೆಯ ಹತ್ತಿರ ಇಡುವ ಹಾಗಿಲ್ಲ. ಕಪಾಟಿನಲ್ಲಿ ಮುಚ್ಚಿಡಲು ಮನಸ್ಸಿಲ್ಲ. ಕಡೆಗೆ ಜಗಲಿಯ ಮೇಲೆ ಕಳಸ ಇದ್ದ ಜಾಗ ಬರಿದಾಗಿತ್ತಲ್ಲ, ಅಲ್ಲೇ ಇಟ್ಟೆ. ಆಯಿ ಬಂದು ಅರಿಷಿಣ ಕುಂಕುಮ ಹಚ್ಚಿದಳು. ನಿತ್ಯ ಒರೆಸುತ್ತೇನೆ, ನಿತ್ಯ ಅರಿವೆ ಕಪ್ಪಾಗುತ್ತದೆ. ನಿನ್ನ ಅಪ್ಪ ನೋಡಿ ನಗುತ್ತಾನೆ.

ಹೆಲ್ಗಾ ಅಜ್ಜಿಗೆ ಹೇಳು, ಅವರ ಗೋಪುರದಲ್ಲಿ ನಮ್ಮ ಕಳಸ ಇದೆ, ನಮ್ಮ ಜಗಲಿಯ ಮೇಲೆ ಅವರ ಕಳಸಾ ಇದೆ. ಈ ಸಲ ಓತ್ವ ಬಿಟ್ಟವಳು ನಾನು. ತಿದ್ದಬೇಡ.

ಸುಖವಾಗಿ ಮೇಲೆ ಬಾ.

ನಿನ್ನ ಅವ್ವ
ಚೆನ್ನವ್ವ